ಎರಡನೇ ಭಾನುವಾರವೇ ಕಷ್ಟ

‘ಏನು ಮಾರಾಯ್ರೆ, ದಾರಿ ತಪ್ಪಿ ಬಂದ್ರಾ?’

ಭಾನುವಾರದ ಪೂಜೆ ಮುಗಿದು, ಜನ ಚರ್ಚಿನ ಜಗಲಿಯಲ್ಲಿ ತಮ್ಮ ತಮ್ಮ ಕೊಡೆ ಹುಡುಕಿಕೊಳ್ಳುವ ಹೊತ್ತಿನಲ್ಲಿ ಬರುವ ಮಾತು ಇದು. ಆಡಿದವರಿಗೆ ಸಲುಗೆಯ ತಮಾಷೆ. ಮೂರ್ನಾಲ್ಕು ವರ್ಷದ ಮೇಲೆ, ಹತ್ತು ಸಲ ಹಿಂದೆಮುಂದೆ ನೋಡಿ, ಇಸ್ತ್ರಿ ಅಂಗಿ ತೊಟ್ಟು ಬಂದವರಿಗೆ ಮಾತ್ರ ಅದು ಎಲ್ಲಿ ನಾಟಬೇಕೋ ಅಲ್ಲೇ ನಾಟುತ್ತದೆ. ಮುಂದಿನ ಭಾನುವಾರ ಅವರಿಗೆ ತೋಟದಲ್ಲಿ ಏನೋ ಅರ್ಜೆಂಟ್ ಕೆಲಸ ಸಿಕ್ಕಿರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಶಿವಮೊಗ್ಗ ಜಿಲ್ಲೆಯಲ್ಲೇ ಅವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಈ ಸಣ್ಣ ಗುಂಪಿನೊಳಗೂ ಹಲವು ಬಗೆ: ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕೆಥೋಲಿಕರು, ಕೇರಳದಿಂದ ಬಂದು ರಬ್ಬರ್, ಶುಂಠಿ ಬೆಳೆದವರು, ಕನ್ನಡವೇ ಮನೆಮಾತಾದ ಪ್ರೊಟೆಸ್ಟೆಂಟ್ ಕುಟುಂಬಗಳು, ಈಚಿನ ಪೆಂತೆಕೋಸ್ತ್ ಸಭೆಗಳು. ಲ್ಯಾಟಿನ್ ಕ್ರಮದ ಕೆಥೋಲಿಕರಿಗೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರವಿದೆ. ಸಿರೋ ಮಲಬಾರ್ ಕ್ರಮದವರಿಗೆ 2007ರಲ್ಲಿ ಮಾನಂತವಾಡಿಯಿಂದ ಬೇರೆಯಾದ ಭದ್ರಾವತಿ ಧರ್ಮಕ್ಷೇತ್ರ. ಕ್ರೈಸ್ತರು ಈ ಕಾಡಿಗೆ ಹೊಸಬರೂ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ತೀರ್ಥಹಳ್ಳಿ ಸೀಮೆಯ ಪಾದ್ರಿ ಜೀವರತ್ನಯ್ಯನೂ ಊರವರನ್ನು ಬೆರಗುಗೊಳಿಸಿದ ಬೈಸಿಕಲ್ಲೂ ನೆನಪಿರುತ್ತವೆ.

ಚರ್ಚು ಬಿಡುವುದು ಇಲ್ಲಿ ಹೆಚ್ಚಿನವರ ಪಾಲಿಗೆ ಒಂದು ತೀರ್ಮಾನವಾಗಿ ಬರುವುದಿಲ್ಲ. ಒಂದು ಮಳೆಗಾಲ ಬಸ್ಸು ಸರಿಯಾಗಿ ಬರಲಿಲ್ಲ. ಆಮೇಲೆ ಕೊನೆ ಕೊಯ್ಲು ಶುರುವಾಯಿತು. ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುವಾಗ ಬೆಂಕಿ ಬಿಟ್ಟು ಹೋಗುವವರು ಯಾರು? ರಾತ್ರಿ ಹನ್ನೆರಡರ ತನಕ ಅಡಿಕೆ ಸುಲಿದವರು ಬೆಳಿಗ್ಗೆ ಏಳೂವರೆಯ ಪೂಜೆಗೆ ಏಳುವುದು ಹೇಗೆ? ಅಷ್ಟರಲ್ಲಿ ಅತ್ತೆಗೆ ಹುಷಾರಿಲ್ಲ, ಮಗನಿಗೆ ಪರೀಕ್ಷೆ. ಲೆಕ್ಕ ಹಾಕಿ ನೋಡಿದರೆ ಎರಡು ವರ್ಷ ದಾಟಿರುತ್ತದೆ. ಆಮೇಲೆ ತಡೆಯುವುದು ಮಳೆಯೂ ಅಲ್ಲ, ಅಡಿಕೆಯೂ ಅಲ್ಲ. ಸಂಕೋಚ.

ಇದರ ಮೇಲೆ ಕೊರೊನಾ ಬಂತು. 2020ರ ಮಾರ್ಚ್ ಕೊನೆಯ ವಾರದ ಲಾಕ್‌ಡೌನ್‌ನೊಂದಿಗೆ ಎಲ್ಲ ಧರ್ಮಗಳ ಪ್ರಾರ್ಥನಾಲಯಗಳೂ ಮುಚ್ಚಿದವು. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ಜನ ಮೊಬೈಲ್ ಎದುರು ಕೂತು ಆಚರಿಸಿದರು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲದೆ ಅದೂ ಇಲ್ಲ. ಜೂನ್ 8ರಂದು ಬಾಗಿಲು ತೆರೆದಾಗ ಗಾಯನ ವೃಂದಕ್ಕೆ ಅವಕಾಶವಿರಲಿಲ್ಲ, ತೀರ್ಥ ಮುಟ್ಟುವಂತಿರಲಿಲ್ಲ. 2021ರ ಏಪ್ರಿಲ್ ಕೊನೆಗೆ ಮತ್ತೆ ಬೀಗ. ಅದೇ ವರ್ಷದ ಜುಲೈಯಲ್ಲಿ ನಿರ್ಬಂಧ ಸಡಿಲಗೊಂಡಿತಾದರೂ, ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುವ ರೂಢಿ ಕೆಲವರಲ್ಲಿ ಹಾಗೇ ಉಳಿಯಿತು.

ಇದಕ್ಕಿಂತ ಉದ್ದದ ಅಗಲಿಕೆಯ ಕಥೆಯೊಂದು ಇದೇ ನೆಲದಿಂದ ಶುರುವಾಗುತ್ತದೆ. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಹಿಡಿಯಿತು. ಅದೇ ವರ್ಷ ಟಿಪ್ಪು ಅದನ್ನು ಮರಳಿ ಗೆದ್ದ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಉಳಿದವರು ಊರಿಗೆ ಮರಳಿದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಹದಿನೈದು ವರ್ಷ ಕಳೆದು. ಬಂದು ನೋಡಿದರೆ ಹೆಚ್ಚಿನ ಇಗರ್ಜಿಗಳೇ ಇಲ್ಲ. ಮಂಗಳೂರಿನಲ್ಲಿ 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿ ನೆಲಸಮವಾಗಿತ್ತು. ಅದು ಮತ್ತೆ ದೊಡ್ಡದಾಗಿ ಎದ್ದದ್ದು 1811ರಲ್ಲಿ. ಆ ಸಮುದಾಯದ ಎಷ್ಟೋ ಕುಟುಂಬಗಳು ಮುಂದೆ ಕಾಫಿ, ಅಡಿಕೆ ತೋಟಗಳನ್ನು ಹುಡುಕಿಕೊಂಡು ಘಟ್ಟ ಹತ್ತಿದವು. ಹದಿನೈದು ವರ್ಷದ ಮೇಲೆ ಮರಳಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಮೂರು ವರ್ಷಕ್ಕೆ ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ಹಾಗಾದರೆ ಮರಳುವವರು ಏನು ಮಾಡಬೇಕು?

ಮೊದಲ ಕೆಲಸ ತೀರಾ ಸಣ್ಣದು. ಶನಿವಾರವೇ ಫೋನ್ ಮಾಡಿ ಪೂಜೆಯ ಸಮಯ ಕೇಳುವುದು. ಮೂರು ವರ್ಷದ ಹಿಂದಿನ ಎಂಟು ಗಂಟೆ ಈಗ ಏಳೂವರೆ ಆಗಿರಬಹುದು. ಮೊದಲ ಪೂಜೆ ಕೊಂಕಣಿಯಲ್ಲಿ, ಎರಡನೆಯದು ಕನ್ನಡದಲ್ಲಿ ಇರಬಹುದು. ಸಣ್ಣ ಊರುಗಳ ಉಪದೇವಾಲಯಗಳಲ್ಲಿ ಪ್ರತಿ ವಾರ ಪೂಜೆ ಇರಲೇಬೇಕೆಂದೇನೂ ಇಲ್ಲ. ಧರ್ಮಗುರುಗಳಿಗೆ ವರ್ಗಾವಣೆಯಾಗುತ್ತಿರುತ್ತದೆ, ಹಾಗಾಗಿ ಹಳೇ ಫಾದರ್ ಹೋಗಿ ಹೊಸಬರು ಬಂದಿರುವುದೇ ಹೆಚ್ಚು. ಇದರಲ್ಲಿ ಒಂದು ಅನುಕೂಲವೂ ಇದೆ: ಬಂದವರು ಎಷ್ಟು ವರ್ಷ ಬಂದಿರಲಿಲ್ಲ ಎಂಬುದು ಹೊಸಬರಿಗೆ ಗೊತ್ತೇ ಇರುವುದಿಲ್ಲ.

ಯಾವ ಭಾನುವಾರ ಆರಿಸಿಕೊಳ್ಳಬೇಕು ಎಂಬುದೂ ಮುಖ್ಯ. ಹೆಚ್ಚಿನವರು ಕ್ರಿಸ್ಮಸ್ ರಾತ್ರಿಯ ಪೂಜೆಗೆ ಮರಳುತ್ತಾರೆ. ಅಂದು ಕಾಲಿಡಲು ಜಾಗವಿರುವುದಿಲ್ಲ, ಹಿಂದೆ ನಿಂತು ಗೋದಲಿ ನೋಡಿ, ಕೇಕ್ ತಿಂದು ಮನೆಗೆ ಬಂದರೆ ಮತ್ತೆ ಮುಂದಿನ ಕ್ರಿಸ್ಮಸ್‌ಗೇ. ಹಬ್ಬವಲ್ಲದ, ಯಾವ ವಿಶೇಷವೂ ಇಲ್ಲದ ಒಂದು ಭಾನುವಾರವೇ ಒಳ್ಳೆಯದು. ತಪಸ್ಸುಕಾಲವೂ ಚೆನ್ನ. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ದಿನದ ಮಾತೇ ಪಶ್ಚಾತ್ತಾಪ ಮತ್ತು ಮರಳುವಿಕೆ. ಅಂದು ಹದಿನೆಂಟು ತುಂಬಿದವರಿಂದ ಅರವತ್ತರೊಳಗಿನವರಿಗೆ ಉಪವಾಸ, ಹದಿನಾಲ್ಕು ದಾಟಿದವರಿಗೆಲ್ಲ ಮಾಂಸವರ್ಜನೆ.

ಮನೆಯಲ್ಲೇ ಯೂಟ್ಯೂಬಿನಲ್ಲಿ ಪೂಜೆ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಸಿಗೆ ಹಿಡಿದವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅದು ದೊಡ್ಡ ಆಸರೆ; ಅವರಿಗೆ ಭಾನುವಾರದ ಕಟ್ಟಳೆಯಿಂದ ವಿನಾಯಿತಿಯೂ ಇದೆ. ಕಾಲು ಗಟ್ಟಿಯಿರುವವರ ವಿಷಯ ಬೇರೆ. 2020ರ ಆಗಸ್ಟ್ 15ರ ದಿನಾಂಕ ಹೊತ್ತು, ಸೆಪ್ಟೆಂಬರಿನಲ್ಲಿ ಪ್ರಕಟವಾದ ಪತ್ರವೊಂದರಲ್ಲಿ ವ್ಯಾಟಿಕನ್ನಿನ ಆರಾಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಬರ್ಟ್ ಸಾರಾ ಜಗತ್ತಿನ ಧರ್ಮಾಧ್ಯಕ್ಷರ ಮಂಡಳಿಗಳ ಅಧ್ಯಕ್ಷರಿಗೆ ಇದನ್ನೇ ಬರೆದರು: ಪ್ರಸಾರ ಎಷ್ಟೇ ಉಪಕಾರಿಯಾದರೂ ಖುದ್ದು ಪಾಲ್ಗೊಳ್ಳುವುದಕ್ಕೆ ಅದು ಬದಲಿಯಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಯ ವಿಡಿಯೊ ನೋಡಿದವರನ್ನು ಯಾರೂ ಮದುವೆಗೆ ಬಂದವರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೆಥೋಲಿಕರಿಗೆ ದೊಡ್ಡ ಗಂಟು ಪಾಪನಿವೇದನೆ. ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ನಿವೇದಿಸಬೇಕು, ಅಂಥ ಪಾಪದ ಅರಿವಿದ್ದವರು ನಿವೇದನೆಯಿಲ್ಲದೆ ಪರಮಪ್ರಸಾದ ಸ್ವೀಕರಿಸಬಾರದು ಎಂಬುದು ಧರ್ಮಸಭೆಯ ನಿಯಮ. ಬಹಳ ವರ್ಷ ಬಿಟ್ಟವರಿಗೆ ಎರಡು ಭಯ. ಒಂದು, ಹೇಳುವ ಕ್ರಮ ಮರೆತುಹೋಗಿದೆ. ಎರಡು, ಫಾದರಿಗೆ ನಮ್ಮ ದನಿ ಗೊತ್ತು. ಮೊದಲನೆಯದಕ್ಕೆ ಉತ್ತರ ಸುಲಭ: ಮಂಡಿಯೂರಿ, ‘ಫಾದರ್, ಆರು ವರ್ಷ ಆಯ್ತು, ಹೇಗೆ ಹೇಳಬೇಕೋ ಮರೆತಿದೆ’ ಎಂದರೆ ಸಾಕು. ಉಳಿದದ್ದನ್ನು ಅವರೇ ಒಂದೊಂದಾಗಿ ಕೇಳಿ ದಾಟಿಸುತ್ತಾರೆ. ಮನೆಯಲ್ಲಿ ಹಿಂದಿನ ದಿನ ಹತ್ತು ಆಜ್ಞೆಗಳನ್ನು ಮುಂದಿಟ್ಟುಕೊಂಡು ಕೂತರೆ ಹೇಳಬೇಕಾದ್ದು ತಾನಾಗಿ ನೆನಪಿಗೆ ಬರುತ್ತದೆ. ಚೀಟಿಯಲ್ಲಿ ಬರೆದುಕೊಂಡರೂ ತಪ್ಪಿಲ್ಲ, ಆಮೇಲೆ ಅದನ್ನು ಒಲೆಗೆ ಹಾಕಬೇಕಷ್ಟೆ. ಅಂಗಿ ಜೇಬಿನಲ್ಲೇ ಉಳಿದರೆ ಬಟ್ಟೆ ಒಗೆಯುವವರು ಓದುತ್ತಾರೆ.

ಎರಡನೆಯ ಭಯ ಸಣ್ಣ ಊರಿನದು. ಬೆಳಿಗ್ಗೆ ನಿವೇದನೆ ಕೇಳಿದ ಫಾದರೇ ಮಧ್ಯಾಹ್ನ ಪೇಟೆಯಲ್ಲಿ ಎದುರಾಗುತ್ತಾರೆ. ನಿವೇದನೆಯಲ್ಲಿ ಕೇಳಿದ್ದನ್ನು ನೇರವಾಗಿ ಬಾಯಿಬಿಡುವ ಗುರುವಿಗೆ ಧರ್ಮಸಭೆಯ ಕಾನೂನಿನಲ್ಲಿ ತಾನಾಗಿ ಬಹಿಷ್ಕಾರ ಬೀಳುತ್ತದೆ; ಕೊಲೆಯ ವಿಷಯವಾದರೂ, ಕೋರ್ಟು ಕೇಳಿದರೂ ಅವರು ಹೇಳುವಂತಿಲ್ಲ. ಇಷ್ಟು ತಿಳಿದೂ ಸಂಕೋಚ ಬಿಡದಿದ್ದರೆ ಇನ್ನೊಂದು ದಾರಿ ಇದೆ. ತನ್ನ ಧರ್ಮಕೇಂದ್ರದ ಗುರುವಿನ ಬಳಿಯೇ ನಿವೇದಿಸಬೇಕೆಂಬ ಕಟ್ಟಳೆ ಇಲ್ಲ, ಅಧಿಕಾರವುಳ್ಳ ಯಾವ ಗುರುವಾದರೂ ಆದೀತು. ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ ಸಾಮಾನು ತರಲು ಹೋದಾಗ ಅಲ್ಲಿನ ಪವಿತ್ರ ಹೃದಯ ಪ್ರಧಾನಾಲಯಕ್ಕೆ ಹೊಕ್ಕು ಬರಬಹುದು. ಸಾಗರದವರು ಹೊಸನಗರಕ್ಕೆ, ಹೊಸನಗರದವರು ಸಾಗರಕ್ಕೆ. ಜಾಲರಿಯ ಆಚೆ ಕೂತವರಿಗೆ ದನಿಯ ಗುರುತು ಹತ್ತುವುದಿಲ್ಲ.

ನಿವೇದನೆ ಆಗಿಲ್ಲ, ಆದರೂ ಪೂಜೆಗೆ ಹೋಗಬಹುದೇ? ಧಾರಾಳವಾಗಿ. ಪರಮಪ್ರಸಾದದ ಸಾಲಿಗೆ ಏಳದೆ ಬೆಂಚಿನಲ್ಲೇ ಕೂತು ಪ್ರಾರ್ಥಿಸಿದರೆ ಆಯಿತು. ಪಕ್ಕದವರಿಗೆ ಹಾದುಹೋಗಲು ಕಾಲು ಓರೆ ಮಾಡಿ ಜಾಗ ಬಿಡಬೇಕು, ಅಷ್ಟೇ ಅಲ್ಲಿನ ಶಿಷ್ಟಾಚಾರ. ‘ಇವರೇಕೆ ಏಳಲಿಲ್ಲ’ ಎಂದು ತಿರುಗಿ ನೋಡುವವರು ಇರುತ್ತಾರೆ. ಇರಲಿ.

ಸ್ವೀಕರಿಸುವವರು ಒಂದು ಗಂಟೆ ಮುಂಚಿನಿಂದ ನೀರು, ಔಷಧಿ ಬಿಟ್ಟು ಬೇರೇನನ್ನೂ ತಿಂದು ಕುಡಿದು ಮಾಡಿರಬಾರದು. ಬೆಳಗಿನ ಕಾಪಿ ಇಲ್ಲದೆ ಕಣ್ಣು ಬಿಡದ ಮಲೆನಾಡಿಗೆ ಇದೇ ದೊಡ್ಡ ತಪಸ್ಸು. ಕೊರೊನಾ ಕಾಲದಲ್ಲಿ ನಾಲಿಗೆಯ ಬದಲು ಕೈಯಲ್ಲಿ ಪ್ರಸಾದ ಕೊಡುವುದು ವ್ಯಾಪಕವಾಯಿತು. ಕ್ರಮ ಇಷ್ಟು: ಎಡ ಅಂಗೈ ಮೇಲೆ, ಬಲಗೈ ಅದಕ್ಕೆ ಆಸರೆಯಾಗಿ ಕೆಳಗೆ; ‘ಆಮೆನ್’ ಎಂದು ಪ್ರಸಾದವನ್ನು ಅಂಗೈಗೆ ಪಡೆದು, ಅಲ್ಲೇ ಪಕ್ಕಕ್ಕೆ ಸರಿದು ಬಲಗೈಯಿಂದ ತೆಗೆದು ಬಾಯಿಗಿಡುವುದು. ಜೇಬಿಗೂ ಇಲ್ಲ, ಬೆಂಚಿಗೂ ಇಲ್ಲ. ಎಡಗೈಗೆ ಪ್ರಸಾದವೇ ಎಂದು ನಮ್ಮ ಹಿರಿಯರಿಗೆ ಮುಜುಗರವಾಗುವುದು ಸಹಜ. ನಾಲ್ಕನೇ ಶತಮಾನದ ಜೆರುಸಲೇಮಿನ ಸಂತ ಸಿರಿಲ್ ಹೇಳಿದ ಕ್ರಮದಲ್ಲಂತೂ ಪ್ರಸಾದ ಪಡೆಯುವುದು ಬಲಗೈ, ಎಡಗೈ ಅದರ ಕೆಳಗೆ: ರಾಜನನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈ ಸಿಂಹಾಸನ. ಒಗ್ಗದವರು ನಾಲಿಗೆಯಲ್ಲೇ ಕೇಳಿ ಪಡೆಯಬಹುದು.

ಪ್ರಾರ್ಥನೆಯ ಉತ್ತರಗಳು ಮರೆತಿದ್ದರೆ ಪುಸ್ತಕ ಇರುತ್ತದೆ, ಕೆಲವು ಕಡೆ ಪರದೆಯ ಮೇಲೂ ಬರುತ್ತದೆ. ಮಧ್ಯದ ಸಾಲಿನಲ್ಲಿ ಕೂತರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂಬುದು ಮುಂದಿನವರನ್ನು ನೋಡಿದರೇ ತಿಳಿಯುತ್ತದೆ. ತೀರಾ ಹಿಂದೆ, ಬಾಗಿಲ ಬಳಿ ಕೂತವರಿಗೆ ಅರ್ಧದಲ್ಲಿ ಎದ್ದುಹೋಗುವ ಆಸೆ ಬರುತ್ತದೆ. ಹೆಂಗಸರು ತಲೆಗೆ ಸೆರಗು ಹೊದೆಯುವುದು ಹಳ್ಳಿಗಳ ರೂಢಿ, ಈಗ ಕಟ್ಟಳೆಯಲ್ಲ. ಜೀನ್ಸ್ ತೊಟ್ಟ ಹುಡುಗಿಯನ್ನು ಬಾಗಿಲಲ್ಲೇ ಅಳೆದು ನೋಡುವವರಿಗೆ ಇದು ನೆನಪಿರಲಿ.

ಕೈಯಲ್ಲಿ ಕಾಣಿಕೆ ಹಿಡಿದು ಬರುವವರ ಬಗ್ಗೆ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಯೇಸು ಹೇಳಿದ ಮಾತೊಂದಿದೆ: ಸಹೋದರನಿಗೆ ತನ್ನ ಮೇಲೆ ಮುನಿಸಿದೆ ಎಂಬುದು ಪೀಠದ ಮುಂದೆ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕು. ಈ ಮೂರು ತಾಲ್ಲೂಕುಗಳಲ್ಲಿ ಆ ಮಾತಿನ ಅರ್ಥ ಬೇಲಿಯ ಬಳಿ ಇರುತ್ತದೆ. ಅಣ್ಣತಮ್ಮಂದಿರ ಪಾಲು, ತೋಟದ ನೀರು, ದರೆ ಸರಿಸಿದ್ದು, ದಾರಿ ಬಿಡದಿದ್ದು. ಚರ್ಚು ಬಿಟ್ಟವರಲ್ಲಿ ಎಷ್ಟೋ ಮಂದಿ ದೇವರೊಂದಿಗೆ ಮುನಿದವರೇ ಅಲ್ಲ. ಮೂರನೇ ಬೆಂಚಿನಲ್ಲಿ ಕೂರುವ ಚಿಕ್ಕಪ್ಪನ ಮುಖ ನೋಡಲಾರದೆ ಬಿಟ್ಟವರು. ಅಂಥವರಿಗೆ ಪೂಜೆಗಿಂತ ಮೊದಲ ಹೆಜ್ಜೆ ಚಿಕ್ಕಪ್ಪನ ಮನೆಯ ಜಗಲಿ. ತಹಸೀಲ್ದಾರರ ಕಚೇರಿಯ ಕೇಸು ಕೇಸಿನ ಪಾಡಿಗೆ ನಡೆಯಲಿ. ಮಾತು ಬಿಟ್ಟದ್ದನ್ನು ಮತ್ತೆ ಹಿಡಿಯಲು ಅದು ಮುಗಿಯುವ ತನಕ ಕಾಯಬೇಕಿಲ್ಲ. ‘ಹೇಗಿದ್ದೀರಿ ಚಿಕ್ಕಪ್ಪ’ ಎಂದು ಒಂದು ಸಲ ಕೇಳಿದರೆ ಶಾಂತಿ ಹಂಚಿಕೊಳ್ಳುವ ಹೊತ್ತಿನಲ್ಲಿ ಕೈಮುಗಿಯಲು ಅಷ್ಟು ಕಷ್ಟವಾಗುವುದಿಲ್ಲ. ದೇವರಿಗೆ ಮರ್ಯಾದೆ ಕೊಡುವ ಎಲ್ಲ ಬಗೆಗಳಲ್ಲಿ ಇದೇ ದುಬಾರಿ, ಹಾಗಾಗಿ ಜನ ಇದರ ಬದಲು ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ.

ಹಣದ ಮಾತೂ ಬರಲಿ. ವಂತಿಗೆ ಬಾಕಿ ಉಳಿಸಿಕೊಂಡು ಹೇಗೆ ಹೋಗುವುದು ಎಂಬ ಅಳುಕಿನಿಂದಲೇ ಹೊರಗುಳಿದವರು ಇದ್ದಾರೆ. ಪೂಜೆಗೆ ಬರಲು ಬಾಕಿ ತೀರಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಇದ್ದಾಗ ಕೊಡಬಹುದು, ಆಗದಿದ್ದರೆ ಫಾದರ್ ಬಳಿ ಮುಚ್ಚುಮರೆಯಿಲ್ಲದೆ ಹೇಳಬಹುದು. ಮರಳಿದ ಸಂತೋಷಕ್ಕೆ ಹೆಸರು ಕೆತ್ತಿಸಿ ಫ್ಯಾನ್ ಕೊಡಿಸುವುದಕ್ಕಿಂತ, ಬರಲಾಗದ ಪಕ್ಕದ ಮನೆಯ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬರುವುದು ವಾಸಿ. ಸೆರೆಯಿಂದ ಮರಳಿದ ಯೆಹೂದ್ಯರು ಧರ್ಮಶಾಸ್ತ್ರದ ಓದು ಕೇಳಿ ಅತ್ತಾಗ, ನೆಹೆಮೀಯನ ಗ್ರಂಥದ ಎಂಟನೇ ಅಧ್ಯಾಯದಲ್ಲಿ ಅವರಿಗೆ ಸಿಕ್ಕ ಸೂಚನೆಯೂ ಇದೇ ಬಗೆಯದು: ಅಳು ನಿಲ್ಲಿಸಿ, ಉಂಡು ಕುಡಿಯಿರಿ, ಏನೂ ಇಲ್ಲದವರ ಮನೆಗೂ ಒಂದು ಪಾಲು ಕಳಿಸಿ.

ಚರ್ಚಿನಲ್ಲಿ ಮದುವೆಯಾಗದೆ ರಿಜಿಸ್ಟರ್ ಆದವರು, ಬೇರೆ ಧರ್ಮದವರನ್ನು ಮದುವೆಯಾದವರು ತಮಗೆ ಬಾಗಿಲು ಮುಚ್ಚಿದೆ ಎಂದೇ ತಿಳಿದು ದೂರವಿರುತ್ತಾರೆ. ಪೂಜೆಗೆ ಬರಲು, ಮಕ್ಕಳನ್ನು ಕರೆತರಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಸಂಸ್ಕಾರಗಳ ಪ್ರಶ್ನೆ ಇರುವುದು ನಿಜ. ಹಲವು ಸಂದರ್ಭಗಳಲ್ಲಿ ಧರ್ಮಾಧ್ಯಕ್ಷರ ಅನುಮತಿ ಪಡೆದು ಮದುವೆಯನ್ನು ಧರ್ಮಸಭೆಯ ಲೆಕ್ಕದಲ್ಲಿ ಕ್ರಮಬದ್ಧಗೊಳಿಸಲು ಸಾಧ್ಯವಿದೆ. ಇದನ್ನು ಭಾನುವಾರದ ಗದ್ದಲದಲ್ಲಿ ಕೇಳದೆ, ವಾರದ ನಡುವೆ ಸಮಯ ಕೇಳಿಕೊಂಡು ಇಬ್ಬರೂ ಹೋಗಿ ಮಾತಾಡುವುದು ಒಳ್ಳೆಯದು. ಜ್ಞಾನಸ್ನಾನದ ಪತ್ರ, ಮದುವೆ ನೋಂದಣಿಯ ಪತ್ರ ಜೊತೆಗಿದ್ದರೆ ಒಂದು ಓಡಾಟ ಉಳಿಯುತ್ತದೆ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಗುರುವಿನ ಕಿವಿಯಲ್ಲಿ ನಿವೇದನೆಯ ಪ್ರಶ್ನೆ ಬರುವುದಿಲ್ಲ. ಆರಾಧನೆಯಲ್ಲೇ ಎಲ್ಲರೂ ಒಟ್ಟಿಗೆ ಪಾಪ ಅರಿಕೆ ಮಾಡುತ್ತಾರೆ. ಸಿಎಸ್‌ಐನಂಥ ಸಭೆಗಳಲ್ಲಿ ಕರ್ತನ ಭೋಜನ ಪ್ರತಿ ವಾರವೂ ಇರಬೇಕೆಂದಿಲ್ಲ, ಸಭಾಪಾಲಕರನ್ನು ಕೇಳಿಕೊಂಡು ಹೋದರೆ ಒಳಿತು. ಪೆಂತೆಕೋಸ್ತ್ ಸಭೆಗಳ ಆರಾಧನೆ ಎರಡು ಮೂರು ಗಂಟೆ ಹಿಡಿಯುವುದುಂಟು. ಸಕ್ಕರೆ ಕಾಯಿಲೆಯವರು ತಿಂಡಿ ತಿಂದೇ ಹೊರಡಬೇಕು.

ಮೊದಲ ಭಾನುವಾರವನ್ನು ಉತ್ಸಾಹ ದಾಟಿಸುತ್ತದೆ. ಎರಡನೆಯದಕ್ಕೆ ಅದು ಇರುವುದಿಲ್ಲ. ಪ್ರಸಂಗ ನೀರಸವಾಗಿತ್ತು, ಯಾರೋ ಏನೋ ಅಂದರು, ಮಳೆ ಬೇರೆ. ಆದ್ದರಿಂದ ಮೊದಲೇ ಎರಡು ಭಾನುವಾರಗಳ ಲೆಕ್ಕ ಹಾಕಿಕೊಂಡು ಹೊರಡಬೇಕು. ಬಸ್ಸಿಲ್ಲದವರು ಅದೇ ದಾರಿಯಲ್ಲಿ ಜೀಪಿನಲ್ಲೋ ಕಾರಿನಲ್ಲೋ ಬರುವ ಕುಟುಂಬದೊಂದಿಗೆ ಮಾತಾಡಿಕೊಂಡರೆ ‘ನಾವು ಏಳಕ್ಕೆ ಗೇಟಿನ ಹತ್ತಿರ ನಿಲ್ತೀವಿ’ ಎಂಬ ಒಂದು ಮಾತೇ ಹಾಸಿಗೆಯಿಂದ ಎಬ್ಬಿಸುತ್ತದೆ. ಕೊಯ್ಲಿನ ಕಾಲದಲ್ಲಿ ಶನಿವಾರ ಸಂಜೆಯ ಪೂಜೆ ಇದ್ದರೆ ಅದೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ. ದಾರಿಯ ನೆಪಗಳು ಕಡಿಮೆಯೂ ಆಗುತ್ತಿವೆ: ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚ್ ಕಾಯುತ್ತಿದ್ದ ಹೊಳೆಬಾಗಿಲಿನಲ್ಲಿ 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು.

ಚರ್ಚು ಬಿಡದೇ ಬಂದವರಿಗೂ ಒಂದು ಕೆಲಸವಿದೆ. ಬಹಳ ದಿನದ ಮೇಲೆ ಕಂಡವರನ್ನು ‘ಯಾಕೆ ಬರ್ತಿರಲಿಲ್ಲ’ ಎಂದು ಕೇಳುವುದು ಬೇಡ. ‘ಅಮ್ಮ ಹೇಗಿದ್ದಾರೆ’ ಎನ್ನಬಹುದು. ‘ಈ ಸಲ ಕೊಳೆ ರೋಗ ಎಷ್ಟು ಹೋಯ್ತು’ ಎಂದು ಅಡಿಕೆಯ ಮಾತೆತ್ತಬಹುದು. ಬೆಂಚಿನಲ್ಲಿ ಸ್ವಲ್ಪ ಸರಿದು ಕೂತು ಜಾಗ ಮಾಡಿದರೆ ಮಾತೂ ಬೇಕಿಲ್ಲ.

ಇದನ್ನು ಓದುತ್ತಿರುವುದು ಶನಿವಾರವಾದರೆ, ಧರ್ಮಕೇಂದ್ರಕ್ಕೆ ಈಗಲೇ ಒಂದು ಫೋನ್ ಮಾಡಿ ನಾಳೆಯ ಪೂಜೆ ಎಷ್ಟು ಗಂಟೆಗೆ ಎಂದು ಕೇಳಿ. ಅದರ ಮುಂದಿನ ವಾರದ್ದನ್ನೂ ಕೇಳಿಟ್ಟುಕೊಳ್ಳಿ.